ವಿಮಾನದ ಹಾದಿಯಲ್ಲಿ ಮುಚ್ಚಿದ ಬಾವಿ

ಬೊಂಬಾಯಿ–ಮದ್ರಾಸು ವಿಮಾನಗಳು ಕ್ಷೇಮವಾಗಿ ಹಾರಲೆಂದು ನೀರು ಕಳೆದುಕೊಂಡವಳು ಕೋಸಗಿ ಬಳಿ ಕುರಿ ಸಾಕುತ್ತಿದ್ದ ಹನುಮವ್ವ. ಆಕೆ ವಿಮಾನ ಹತ್ತಿದವಳಲ್ಲ. ಅದರ ಟಪಾಲಿನಲ್ಲಿ ಆಕೆಗೊಂದು ಕಾಗದವೂ ಬಂದಿರಲಿಲ್ಲ.

1938ರಲ್ಲಿ ನಾನು ಆದೋನಿಯಲ್ಲಿ ಸರ್ಕಾರಿ ಕಾಮಗಾರಿಗಳ ಓವರ್‌ಸಿಯರ್ ಆಗಿದ್ದೆ. ಆ ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು ಆರುನೂರ ನಲವತ್ತು ಮೈಲಿ. ಅಂದಿನ ಸಣ್ಣ ವಿಮಾನಕ್ಕೆ ಆರೂವರೆ ಗಂಟೆಯ ಹಾರಾಟ. ರೈಲಿಗೆ ಒಂದು ಹಗಲು, ಒಂದು ರಾತ್ರಿಯೂ ಸಾಲದು. ಗೆರೆ ಕೋಸಗಿಯ ಸಮೀಪವೇ ಹಾಯುತ್ತಿತ್ತು. ಎಂಜಿನ್ ಕೆಟ್ಟರೆ ಇಳಿಯಲು ನಡುವೆ ಒಂದು ಸಮತಟ್ಟಾದ ಬಯಲು ಇರಬೇಕೆಂದು ಮೇಲಧಿಕಾರಿಗಳು ತೀರ್ಮಾನಿಸಿದರು.

ಅವರು ಆರಿಸಿದ ಬಯಲಿನ ನಡುವೆ ಹನುಮವ್ವನ ಬಾವಿಯಿತ್ತು. ಸುಗ್ಗಿ ಮುಗಿದೊಡನೆ ಅಲ್ಲಿಯ ಕುರಿಗಾರರು ಮಂದೆ ಹೊಡೆದುಕೊಂಡು ತುಂಗಭದ್ರೆಯ ದಂಡೆಗೆ ಹೋಗುವರು. ಹಟ್ಟಿಯಲ್ಲಿ ಉಳಿದವರು ಬಾವಿಯ ಪಕ್ಕದ ಕಲ್ಲುದೋಣಿಯಲ್ಲಿ, ಮರಳಿ ಬರುವ ಮಂದೆಗಾಗಿ, ನೀರು ತುಂಬಿಡಬೇಕು. ಗಂಡ ತೀರಿದ ಮೇಲೆ ಆ ಕೆಲಸ ಹನುಮವ್ವನದಾಗಿತ್ತು.

ಬಾವಿ ಮುಚ್ಚುವ ಆಜ್ಞೆ ತಿಳಿಸಿದಾಗ ಆಕೆ ಮುಗಿಲು ನೋಡಿ ನಕ್ಕಳು.

"ಅಷ್ಟು ಮ್ಯಾಲ ಹೋಗಾವರಿಗೆ ನನ್ನ ಬಾವಿ ಕಾಲಿಗೆ ತೊಡಕತೈತೇನ್ರಿ ಸಾಹೇಬ್ರ?"

ಇಳಿಯುವ ವಿಮಾನದ ಚಕ್ರ ಅದರಲ್ಲಿ ಸಿಕ್ಕಿದರೆ ಜನ ಸಾಯುತ್ತಾರೆಂದು ವಿವರಿಸಿದೆ. ಅದು ನಿಜ. ಆದರೆ ಬದಲಿ ಬಾವಿ ತೋಡುವ ಮೊದಲೇ ಇದ್ದದ್ದನ್ನು ಮುಚ್ಚಿಸಿದ್ದು ಅನ್ಯಾಯ. ಗಟ್ಟಿ ಚಪ್ಪಡಿ ಹಾಸಿ ಬಾವಿಯನ್ನು ಉಳಿಸೋಣವೆಂಬ ನನ್ನ ಸಲಹೆಯನ್ನು ವಿಚಾರಿಸದೆ ತಳ್ಳಿದ್ದೂ ಅನ್ಯಾಯ. ಬದಲಿ ಬಾವಿಯ ಮಾತು ಕೊಟ್ಟು ಮರೆತದ್ದು ಇವೆರಡಕ್ಕಿಂತ ದೊಡ್ಡದು.

ಮಂದೆ ಮರಳಿದ ದಿನ ನಾನು ಅಲ್ಲಿದ್ದೆ. ಮುಂಗಾರು ಇನ್ನೂ ಬಿದ್ದಿರಲಿಲ್ಲ. ಕುರಿಗಳು ವಿಮಾನ ಇಳಿಯುವ ಬಯಲಿನ ಅಂಚಿಗೆ ಹಾಕಿದ್ದ ಸುಣ್ಣದ ಗುರುತು ದಾಟಿ ಓಡಿ, ಬಾವಿಯಿದ್ದ ಜಾಗದ ಸುತ್ತ ಒತ್ತೊತ್ತಾಗಿ ನಿಂತವು. ಹನುಮವ್ವನ ಮಗ ನಾಗಪ್ಪ ಎಷ್ಟು ಕೂಗಿದರೂ ಕದಲಲಿಲ್ಲ. ಅದೇ ಹೊತ್ತಿಗೆ ವಿಮಾನ ತಲೆಯ ಮೇಲೆ ಹಾದುಹೋಯಿತು. ಆ ಬಯಲಿನಲ್ಲಿ ಅದು ಎಂದೂ ಇಳಿಯಲಿಲ್ಲ.

"ಅವ್ವಾ, ಹೊಳಿ ದಂಡಿಗೆ ನೀನೂ ಬಂದ್ಬಿಡು. ಇಲ್ಲೇನೈತಿ?" ಎಂದ ನಾಗಪ್ಪ.

"ನಾನೂ ಬಂದ್ರ, ಬಾವಿ ಎಲ್ಲಿತ್ತಂತ ತೋರ್ಸಾವ್ರು ಯಾರೋ?"

ಮಂದೆ ಹೋಯಿತು; ಮತ್ತೆ ಬರಲಿಲ್ಲ. ಉಳಿದ ಗುಡಿಸಲುಗಳೂ ಒಂದೊಂದಾಗಿ ಬರಿದಾದವು. ಕಲ್ಲುದೋಣಿಯನ್ನು ಬಯಲಿನಿಂದ ತೆಗೆಸಿ ಆಕೆಯ ಬಾಗಿಲ ಮುಂದೆ ಇರಿಸಲಾಗಿತ್ತು. ಕೋಸಗಿಯ ರೈಲು ಸ್ಟೇಷನ್ನಿನಿಂದ ಹೊತ್ತು ತಂದ ಕೊಡದ ನೀರಿನಲ್ಲಿ ಒಂದಿಷ್ಟನ್ನು ಆಕೆ ಅದಕ್ಕೆ ಸುರಿಯುತ್ತಿದ್ದಳು. ಕುಡಿಯಲು ಬರುತ್ತಿದ್ದುದು ಕಾಗೆಗಳು ಮಾತ್ರ.

ಯುದ್ಧ ಮುಗಿಯಿತು. ಹೊಸ ವಿಮಾನಗಳು ಅದೇ ದೂರವನ್ನು ಸುಮಾರು ನಾಲ್ಕು ಗಂಟೆಯಲ್ಲಿ ಹಾರುತ್ತವೆ. ನಡುವೆ ಆ ಬಯಲು ಬೇಕಿಲ್ಲವೆಂದು ಕೈಬಿಟ್ಟರು. ಬಾವಿ ಮಾತ್ರ ಮುಚ್ಚಿಯೇ ಇದೆ. ನಿವೃತ್ತನಾದ ಮೇಲೆ ಒಮ್ಮೆ ಹೋಗಿದ್ದೆ. ಇಡೀ ಹಟ್ಟಿಯಲ್ಲಿ ಒಂದೇ ಒಲೆಯ ಹೊಗೆ ಏಳುತ್ತಿತ್ತು.

ಎರಡು ಊರುಗಳ ನಡುವೆ ಗೆರೆ ಎಳೆಯುವವನು ಆ ಗೆರೆಯ ಕೆಳಗೆ ಬದುಕುವವರನ್ನು ಮೊದಲು ಹೋಗಿ ಕಾಣಬೇಕೆಂಬುದನ್ನು ನನ್ನ ವೃತ್ತಿ ಕಲಿಸಿತು. ಮುಚ್ಚಲು ಆಜ್ಞೆ ಕೊಟ್ಟ ಅಧಿಕಾರಿಗಳೇ, ಬರುವ ಸುಗ್ಗಿಗೆ ಮೊದಲು ಆ ಬಾವಿಯ ಮಣ್ಣು ತೆಗೆಸಿ. ಜಾಗ ತೋರಿಸಲು ಹನುಮವ್ವ ಇನ್ನೂ ಇದ್ದಾಳೆ.