ಮೂರೇ ದಿನಕ್ಕೆ ಗುಣವಾಗುವ ಮುಲಾಮು

ಐದು ವರ್ಷದ ಹುಡುಗನ ಸೊಂಟದಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಬೀಳುವಂಥ ಗೆರೆಗಳನ್ನು ನೋಡಿದ್ದೀರಾ? ಕಳೆದ ವಾರ ನಾನು ನೋಡಿದೆ. ಆಮೇಲೆ ಊಟ ರುಚಿಸಿಲ್ಲ.

ಕಾಪುವಿನ ನಮ್ಮ ಓಣಿಗೆ ಮೀನು ತರುವವರು ಉಚ್ಚಿಲದ ಗಿರಿಜಕ್ಕ. ಅವತ್ತು ಜೊತೆಗೆ ಮೊಮ್ಮಗ ಪ್ರೀತುವೂ ಬಂದಿದ್ದ. ಅಂಗಳದಲ್ಲಿ ನಿಂತು ಸೊಂಟ ಪರಚುತ್ತಲೇ ಇದ್ದ. ಅಂಗಿ ಎತ್ತಿ ನೋಡಿದರೆ, ಕರಿ ಉಡಿದಾರದ ಸುತ್ತ ಬಳೆ ಬಳೆಯಾಗಿ ಹಬ್ಬಿದ ಹುಳುಕಡ್ಡಿ. ಅದರ ನಡುವೆ ಆ ಗೆರೆಗಳು.

“ಒಳ್ಳೆ ಮುಲಾಮು ಉಂಟು ಅಕ್ಕ. ಹಚ್ಚಿದ್ರೆ ಮೂರೇ ದಿನದಲ್ಲಿ ಗುಣ ಆಗ್ತದೆ. ಬಿಟ್ರೆ ಮತ್ತೆ ಬರ್ತದೆ. ಕಳೆದ ಮಳೆಗಾಲದಿಂದ ಹೀಗೇ. ಎಂತ ಮಾಡುದು?”

ಗಿರಿಜಕ್ಕ ಸೊಂಟದ ಚೀಲದಿಂದ ಟ್ಯೂಬ್ ತೆಗೆದು ತೋರಿಸಿದರು. ಖಾಲಿ. (ನಮ್ಮಲ್ಲಿ ಖಾಲಿ ಟ್ಯೂಬೇ ಡಾಕ್ಟರ ಚೀಟಿ. ಮೆಡಿಕಲ್‌ನಲ್ಲಿ ಅದನ್ನು ತೋರಿಸಿದರೆ ಸಾಕು, ಹೊಸದು ಕೈಗೆ ಬರುತ್ತದೆ.)

ಆಸ್ಪತ್ರೆಗಳಿಗೇ ಹೆಸರಾದ ಜಿಲ್ಲೆ ನಮ್ಮದು. ಮಣಿಪಾಲಕ್ಕೆ ಬಸ್ಸಿಗೇನು ಬರವೇ? ಆದರೆ ಬೆಳಗ್ಗೆ ಡಾಕ್ಟರ ಬಾಗಿಲಲ್ಲಿ ಕೂತರೆ ಬುಟ್ಟಿಯ ಮೀನು ಕಾಯುತ್ತದೆಯೇ? ಮೆಡಿಕಲ್ ದಾರಿಯಲ್ಲೇ ಇದೆ.

ಮರುದಿನ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಚರ್ಮದ ಡಾಕ್ಟರ ಬಳಿ ಹೋದೆ. ಟ್ಯೂಬ್ ನೋಡಿದ್ದೇ ಅವರು ಹುಬ್ಬು ಗಂಟಿಕ್ಕಿದರು.

“ಇದರಲ್ಲಿ ಹುಳುಕಡ್ಡಿಯ ಔಷಧಿ ಜೊತೆ ಜೋರು ಸ್ಟೀರಾಯ್ಡ್ ಉಂಟು. ತುರಿಕೆ, ಕೆಂಪು ಕೂಡಲೇ ಹೋಗ್ತದೆ. ಫಂಗಸ್ ಹೋಗುದಿಲ್ಲ, ಹಬ್ಬುತ್ತಾ ಇರ್ತದೆ. ಮಗುವಿನ ಚರ್ಮ ತೆಳ್ಳಗಾಗಿ ಹೀಗೆ ಗೆರೆ ಬೀಳ್ತದೆ.”

ಕಳ್ಳನನ್ನು ಮನೆಯೊಳಗೇ ಬಿಟ್ಟು ನಾಯಿಯ ಬಾಯಿ ಕಟ್ಟಿದ ಹಾಗೆ. ಬೊಗಳುವುದು ನಿಂತಿತಲ್ಲ, ನಾವು ನೆಮ್ಮದಿಯಾಗಿ ಮಲಗಿದೆವು.

ಸ್ಟೀರಾಯ್ಡ್ ಇಲ್ಲದ ಬೇರೆ ಔಷಧಿ ಬರೆದರು. ಕಲೆ ಮಾಯವಾದರೂ ಹೇಳುವ ತನಕ ನಿಲ್ಲಿಸಬಾರದು, ಮೈ ಒರೆಸಲು ಮನೆಮಂದಿಗೆಲ್ಲ ಒಂದೇ ಬೈರಾಸು ಬೇಡ ಎಂದರು. “ಮೊದಲು ಈ ಉಡಿದಾರ ತೆಗೀರಿ. ಸ್ನಾನದ ಒದ್ದೆ ಇದರಲ್ಲೇ ಕೂತಿರ್ತದೆ.”

“ಅದು ಮಾತ್ರ ಬೇಡ ಡಾಕ್ಟ್ರೆ, ಮಗುವಿಗೆ ದೃಷ್ಟಿ ಆಗ್ತದೆ.” ಗಿರಿಜಕ್ಕ ಪ್ರೀತುವನ್ನು ಹತ್ತಿರಕ್ಕೆ ಎಳೆದುಕೊಂಡರು. ಅವನ ಸೊಂಟದ ಮೇಲೆ ಬೆರಳಾಡಿಸುತ್ತ ಕೇಳಿದರು: “ಈ ಗೆರೆ ಯಾವಾಗ ಹೋಗ್ತದೆ?”

“ಬಣ್ಣ ಸ್ವಲ್ಪ ತಿಳಿಯಾಗಬಹುದು. ಪೂರ್ತಿ ಹೋಗುದಿಲ್ಲ ಅಮ್ಮ.”

ಗಿರಿಜಕ್ಕ ಅಳಲಿಲ್ಲ. “ಕತ್ತರಿ ಉಂಟಾ?” ಎಂದು ಕೇಳಿದರು. ಮೊಮ್ಮಗನ ಉಡಿದಾರವನ್ನು ತಾವೇ ಕತ್ತರಿಸಿದರು. ದೃಷ್ಟಿ ತಾಗದಿರಲಿ ಎಂದು ಕಾಪಾಡಿಕೊಂಡ ಮಗುವಿಗೆ ಏನು ತಾಗಿತು ಎಂದು ಯಾರು ಹೇಳಬೇಕು ಅವರಿಗೆ?

ನನಗೆ ಸಿಟ್ಟು ತಡೆಯಲಾಗಲಿಲ್ಲ. ವಾಪಸು ಬರುವಾಗ ಗಿರಿಜಕ್ಕ ಟ್ಯೂಬ್ ಕೊಳ್ಳುವ ಮೆಡಿಕಲ್‌ಗೆ ನುಗ್ಗಿದೆ. ಚೀಟಿ ಇಲ್ಲದೆ ಇದನ್ನು ಹೇಗೆ ಕೊಟ್ಟಿರಿ ಎಂದು ಕೇಳಿದೆ.

“ಜನ ಕೇಳ್ತಾರೆ ಮೇಡಂ, ಕೊಡ್ತೇವೆ. ನಾವು ಕೊಡದಿದ್ರೆ ಆಚೆ ಅಂಗಡಿಗೆ ಹೋಗ್ತಾರೆ, ಅಲ್ವಾ?” ಅಂಗಡಿಯವರು ನಗುತ್ತಲೇ ಹೇಳಿದರು. ಅಷ್ಟರಲ್ಲಿ ಇನ್ನೊಬ್ಬ ತಾಯಿ ಖಾಲಿ ಟ್ಯೂಬ್ ಚಾಚಿದಳು. ನನ್ನ ಕಣ್ಣೆದುರೇ ಹೊಸದು ಕೊಟ್ಟರು! ಅವಳಿಗೆ ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಟ್ಯೂಬನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು.

ಕೊನೆಗೆ ಅಂಗಡಿಯವರನ್ನೇ ಕೇಳಿದೆ, ನಿಮ್ಮ ಮಗುವಿಗಾದರೆ ಇದನ್ನು ಹಚ್ಚುತ್ತೀರಾ?

“ಛೇ ಛೇ! ಮಕ್ಕಳಿಗೆಲ್ಲ ಇದನ್ನು ಹಚ್ಚಬಾರದು ಮೇಡಂ.”

ಹಾಗಾದರೆ ಗಿರಿಜಕ್ಕನ ಮೊಮ್ಮಗ ಮಗುವಲ್ಲವೇ?