ನಾನು ತಿದ್ದಿದ ಗುಡಿಸು

ಕೊಟ್ಟೂರಿನ ಬಸ್ ನಿಲ್ದಾಣದಿಂದ ನಮ್ಮ ಓಣಿಯ ತಿರುವಿನವರೆಗೆ ಆ ದಿನ ನಾನು ಏಳು ಸಲ ನಡೆದೆ. ಮೊದಲ ಸಲ ಫೋನಿನ ಕಡೆ ನೋಡಿದೆನಂತೆ. ಎರಡನೇ ಸಲ ಬೇಕಂತಲೇ ಮುಖ ತಿರುಗಿಸಿದ ಹಾಗೆ ಕಂಡಿತಂತೆ. ಮೂರನೇ ಸಲ ಹಂದಿ ಅಡ್ಡ ಬಂತು. ಮಂಡಿ ನೋಯುವ ಮುದುಕನನ್ನು ಹೀಗೆ ನಡೆಸುವುದಕ್ಕೆ ಸಿನಿಮಾ ಅನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ.

‘ದೊಡ್ಡಪ್ಪ, ಇನ್ನೊಂದು ಸಲ ಬರ್ರಿ. ಯಾರೋ ಬೆನ್ನು ಹತ್ಯಾರ ಅನ್ನಂಗ ಬರಬ್ಯಾಡ್ರಿ, ಆರಾಮ ಬರ್ರಿ.’

ಹೇಳುತ್ತಿದ್ದವನು ಹದಿನೇಳರ ಹುಡುಗ. ಹುಟ್ಟಿ ಬೆಳೆದದ್ದು ಮಸ್ಕತ್ತಿನಲ್ಲಿ. ಅಲ್ಲಿನ ಶಾಲೆಗೆ ಹತ್ತು ನಿಮಿಷದ ಕಿರುಚಿತ್ರ ಮಾಡಿ ಒಪ್ಪಿಸಬೇಕಾಗಿತ್ತು. ಹೋದ ವರ್ಷ ತೀರಿಕೊಂಡ ಅಪ್ಪನ ಬಗ್ಗೆಯೇ ಮಾಡುತ್ತೇನೆಂದು ಫೋನು, ಮೂರು ಕಾಲಿನ ಸ್ಟ್ಯಾಂಡು ಹಿಡಿದು ರಜೆಯಲ್ಲಿ ಬಂದಿದ್ದ. ಅವನ ಅಪ್ಪ ಒಂದು ಕಾಲಕ್ಕೆ ನನ್ನ ಜೊತೆಗಾರ. ಇಬ್ಬರೂ ಸೇರಿ ಅಂಗಡಿಗಳ ಬೋರ್ಡು, ಗೋಡೆಬರಹ ಬರೆಯುತ್ತಿದ್ದೆವು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾರು ಕರೆದರೆ ಅಲ್ಲಿಗೆ ಡಬ್ಬಿ ಕುಂಚ ಕಟ್ಟಿಕೊಂಡು ಹೊರಡುತ್ತಿದ್ದೆವು.

ಹುಡುಗ ಮಾತಾಡುವುದು ನಮ್ಮ ಮಾತನ್ನೇ, ಆದರೆ ಕನ್ನಡ ಓದಲು ಬಾರದು. ಅವನ ತಾಯಿ ಒಂದು ಚೀಟಿಯಲ್ಲಿ ದೊಡ್ಡದಾಗಿ ಮೂರು ಪದ ಬರೆದುಕೊಟ್ಟಿದ್ದಳು: ಬಟ್ಟಿ, ಎಣ್ಣಿ, ಬಾಡಿಗಿ. ಹುಡುಗ ಒಂದೊಂದರ ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದ.

‘ಅಪ್ಪ ಬರದ ಬೋರ್ಡಿನ್ಯಾಗ ಕಡೀಗಿ ಹಿಂಗ ಸುತ್ತಿರತೈತಂತ. ತಪ್ಪಿದ್ರ ನಂದು, ಸರಿ ಇದ್ರ ಬ್ಯಾರೆಯವರದು ಅಂತ ಅಪ್ಪನೇ ನಗತಿದ್ದ. ಒಂದು ಸಿಕ್ರ ಸಾಕು, ದೊಡ್ಡಪ್ಪ. ಸಿನಿಮಾ ಅದರ ಮ್ಯಾಲೇ ಮುಗಸ್ತೀನಿ.’

ಅಂಥದು ಒಂದೂ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಎಲ್ಲವನ್ನೂ ತಿದ್ದಿದವನು ನಾನೇ. ಅದನ್ನು ಹೇಳುವ ಬದಲು ಅವನ ಜೊತೆ ಮೂರು ದಿನ ಬಸ್ಸು ಹತ್ತಿ ಇಳಿದೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಅವನ ಅಪ್ಪ ನಾಲ್ಕನೇ ಕ್ಲಾಸಿಗೆ ಬಿಟ್ಟವನು. ಆದರೆ ಸ್ಕೇಲು ಇಡದೆ, ಗೆರೆ ಹೊಡೆಯದೆ, ಅವನು ಇಳಿಸುತ್ತಿದ್ದ ಅಕ್ಷರದ ದುಂಡು ನನ್ನ ಕೈಗೆ ಯಾವತ್ತೂ ಬರಲಿಲ್ಲ. ಒಂದೇ ದೋಷ, ಬಾಯಿಗೆ ಬಂದ ಹಾಗೆಯೇ ಬರೆಯುತ್ತಿದ್ದ. ಏತ್ವ ಬರಬೇಕಾದ ಕಡೆಯೆಲ್ಲ ಗುಡಿಸು, ‘ಗೆ’ ಇರಬೇಕಾದಲ್ಲಿ ‘ಗಿ’. ಬಣ್ಣ ಒಣಗುವ ಮೊದಲು ನಾನು ನೋಡಿ ಹೇಳಬೇಕು, ಅವನು ಒರೆಸಿ ತಿದ್ದಬೇಕು. ಅದು ನಮ್ಮ ಕರಾರು.

‘ಏತ್ವ ಹಾಕಲೇ, ಬಾಡಿಗೆ ಅದು’ ಎಂದರೆ, ‘ನೀನು ಬಾಯಿಲೆ ಬಾಡಿಗಿ ಅಂತಿ, ಗ್ವಾಡಿ ಮ್ಯಾಲೆ ಯಾಕ ಸಾಹೇಬ್ರ ಮಾತು?’ ಎನ್ನುತ್ತಿದ್ದ. ಎಷ್ಟೋ ಸಲ ನನ್ನ ಬಾಯಿ ಮುಚ್ಚಿಸಿ ಹಾಗೇ ಬಿಟ್ಟೂ ಬರುತ್ತಿದ್ದ. ಜನಕ್ಕೆ ಅದು ಕಾಣುತ್ತಲೇ ಇರಲಿಲ್ಲ. ಅಕ್ಷರಗಳು ಅಷ್ಟು ಚೆಂದವಿದ್ದವು.

ಚೆಂದವಿದ್ದದ್ದೇ ನನಗೆ ತೊಂದರೆಯಾಯಿತು. ಅಂಗಡಿಯವರು ನನ್ನೆದುರಿಗೇ ‘ಆ ದುಂಡಗ ಬರಿಯಾವ್ನ ಕಳಸ್ರಿ’ ಅನ್ನತೊಡಗಿದರು. ಆ ವರ್ಷ ಒಂದೂರಿನ ಶಾಲೆಯ ಉದ್ದನೆಯ ಗೋಡೆ ನಮಗೆ ಸಿಕ್ಕಿತು. ಆಳೆತ್ತರದ ಅಕ್ಷರಗಳಲ್ಲಿ ಅವನು ‘ನಮ್ಮ ಶಾಲಿ ನಮ್ಮ ಹೆಮ್ಮಿ’ ಎಂದು ಬರೆದ. ನಾನು ಏಣಿ ಹಿಡಿದು ಕೆಳಗೆ ನಿಂತಿದ್ದೆ. ನೋಡಿದೆ. ಬಣ್ಣ ಹಸಿಯಿತ್ತು, ನನ್ನ ಹೆಗಲ ಮೇಲೆ ಒರೆಸುವ ಬಟ್ಟೆಯೂ ಇತ್ತು. ಸುಮ್ಮನಿದ್ದೆ. ಮೇಷ್ಟರುಗಳು ಬಂದರು, ಓದಿದರು, ಮಕ್ಕಳನ್ನೂ ಕರೆದು ಓದಿಸಿ ನಕ್ಕರು. ಅವನು ಏಣಿಯ ಮೇಲಿನಿಂದ ನನ್ನ ಕಡೆಗೇ ನೋಡಿದ.

ಅದೇ ವರ್ಷ ಅವನು ಮಸ್ಕತ್ತಿಗೆ ಹೋದ, ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸಕ್ಕೆ. ಅಲ್ಲಿ ಅಕ್ಷರ ಬರೆಯುವ ಹಾಗಿರಲಿಲ್ಲ. ನಾನು ಊರೂರು ತಿರುಗಿ ಅವನ ಗುಡಿಸುಗಳನ್ನೆಲ್ಲ ಗೋಡೆಯ ಬಣ್ಣದಿಂದ ಮುಚ್ಚಿ ಏತ್ವ ಎಳೆದೆ, ಕೆಳಗೆ ನನ್ನ ಸಹಿ ಹಾಕಿದೆ. ಗೆಳೆಯನ ಮಾನ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಸಹಿ ಯಾಕೆ ಬೇಕಿತ್ತು ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಮೂರು ದಿನ ಹುಡುಗ ನನ್ನ ಜೀವ ತಿಂದ. ಎಲ್ಲೆಡೆ ಫ್ಲೆಕ್ಸು. ಹಳೆಯ ಬೋರ್ಡು ಕಂಡರೆ ಸಾಕು, ಚೀಟಿ ಹಿಡಿದು ಓಡುತ್ತಿದ್ದ. ಒಂದೊಂದು ಅಕ್ಷರ ಹೋಲಿಸಿ, ‘ಇದಲ್ಲ’ ಎಂದು ಸಪ್ಪೆ ಮೋರೆ ಮಾಡಿಕೊಂಡು ಬರುತ್ತಿದ್ದ. ಹಡಗಲಿಯಲ್ಲಿ ಬಿಸಿಲಿಗೆ ನನ್ನ ತಲೆ ಸುತ್ತಿತು. ‘ನಿನ್ನ ಸಿನಿಮಾಕ್ಕ ಬೆಂಕಿ ಹಚ್ಚಲಿ’ ಎಂದು ಬೈದೆ. ಅದನ್ನೂ ಚಿತ್ರೀಕರಿಸಿಕೊಂಡ. ಸಿಟ್ಟು ಅವನ ಮೇಲಲ್ಲ ಎನ್ನುವುದು ಬೈಯುವಾಗಲೇ ಗೊತ್ತಾಗುತ್ತಿತ್ತು, ಅದರಿಂದ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಕೊನೆಗೆ ತಂಬ್ರಹಳ್ಳಿಯಲ್ಲಿ ಒಂದು ಮುಚ್ಚಿದ ಅಂಗಡಿಯ ಗೋಡೆ. ‘ಇಲ್ಲಿ ಬಾಡಿಗೆ ಸೈಕಲ್ ಸಿಗುತ್ತವೆ.’ ಕೆಳಗೆ ನನ್ನ ಸಹಿ. ಹುಡುಗ ಚೀಟಿ ಎತ್ತಿ ನೋಡಿದ, ಮಡಚಿ ಜೇಬಿಗಿಟ್ಟ, ಸ್ಟ್ಯಾಂಡಿನ ಕಾಲು ಮಡಚತೊಡಗಿದ.

‘ಅಪ್ಪ ನಮಗ ಸುಳ್ಳು ಹೇಳ್ಯಾನ ಅನಸ್ತೈತಿ, ದೊಡ್ಡಪ್ಪ. ಇಲ್ಲಿ ಏನೂ ಬರದೇ ಇಲ್ಲ ಅಂವ.’

ಬೈಗುಳವಾದರೂ ತಡೆದುಕೊಳ್ಳುತ್ತಿದ್ದೆ. ಪಕ್ಕದ ಪಂಕ್ಚರ್ ಅಂಗಡಿಯವನ ಹತ್ತಿರ ಬ್ಲೇಡು ಇಸಿದುಕೊಂಡು ಬಂದು ‘ಬಾಡಿಗೆ’ಯ ಏತ್ವವನ್ನು ಕೆರೆದೆ. ನಾನು ಬಳಿದದ್ದು ಅಗ್ಗದ ಬಣ್ಣ, ಹಕ್ಕಳೆಯಾಗಿ ಎದ್ದುಬಂತು. ಕೆಳಗೆ ನೀಲಿ ಗುಡಿಸು ದುಂಡಗೆ ಹಾಗೇ ಇತ್ತು. ಹುಡುಗ ಚೀಟಿ ತೆಗೆದು ಅದರ ಪಕ್ಕ ಹಿಡಿದ. ಕೆರೆಯುತ್ತಲೇ ನಾನು ಎಲ್ಲ ಹೇಳಿದೆ, ಶಾಲೆಯ ಗೋಡೆಯನ್ನೂ ಬಿಡದೆ. ಅವನ ಮುಖ ನೋಡಲಿಲ್ಲ.

ನಾನು ಮುಗಿಸಿದ ಮೇಲೆ ಅವನು ಸ್ಟ್ಯಾಂಡಿನ ಕಾಲು ಮತ್ತೆ ಬಿಚ್ಚಿದ.

‘ದೊಡ್ಡಪ್ಪ, ಫೋನ್ ಚಾಲೂ ಇರಲಿಲ್ಲ. ಇನ್ನೊಂದು ಸಲ ಹೇಳ್ರಿ.’

ಬ್ಲೇಡನ್ನು ನೆಲಕ್ಕೆ ಒಗೆಯಬೇಕೆನಿಸಿತು. ಹಲ್ಲು ಕಚ್ಚಿ, ಅಂಗಿ ಸರಿಮಾಡಿಕೊಂಡು ನಿಂತು, ‘ನಾನು ನನ್ನ ಮಿತ್ರನಿಗೆ ಅಪರಾಧವೆಸಗಿದ್ದೇನೆ’ ಎಂದು ಶುರುಮಾಡಿದೆ.

‘ಸಾಹೇಬ್ರ ಮಾತು ಬ್ಯಾಡ್ರಿ’ ಎಂದ ಹುಡುಗ. ‘ಆಗಳೆ ಹೇಳಿದಂಗ ಹೇಳ್ರಿ.’

ಅಪ್ಪನ ಬಾಯಿ ಮಗನಿಗೆ ಹಾಗೇ ಬಂದಿತ್ತು. ಮತ್ತೆ ಮೊದಲಿನಿಂದ ಹೇಳಿದೆ, ನಮ್ಮ ಮಾತಿನಲ್ಲೇ. ಮುಗಿಯುವ ತನಕ ಅವನು ಅಡ್ಡ ಬರಲಿಲ್ಲ. ಆಮೇಲೆ ಫೋನಿನ ಹಿಂದಿನಿಂದ ಒಂದೇ ಪ್ರಶ್ನೆ ಕೇಳಿದ.

‘ಆ ಸಾಲಿ ಮುಂದ ಎಲ್ಲಾರೂ ನಗುವಾಗ ನೀವೂ ನಕ್ರೇನು?’

‘ನಕ್ಕೆ’ ಎಂದೆ.

ಅದೊಂದನ್ನು ಅವನು ಎರಡನೇ ಸಲ ಹೇಳಿಸಲಿಲ್ಲ.