ಡಬ್ಬಿಯಲ್ಲಿ ಬಂದ ಹೂವು

ಈ ಚಳಿಗಾಲದ ಒಂದು ಭಾನುವಾರ ರಾಕ್‌ವಿಲ್‌ನಲ್ಲಿ ನನ್ನ ಗೆಳತಿ ನಾಗವೇಣಿಯ ಮನೆ. ಅವಳು, ಅವಳ ಗಂಡ ಶ್ರೀಧರ, ನಾನು, ನಮ್ಮ ಯಜಮಾನರು, ಆರು ತಿಂಗಳಿಗೆಂದು ಮೈಸೂರಿನಿಂದ ಅಮೆರಿಕಕ್ಕೆ ಬಂದಿರುವ ನಮ್ಮತ್ತೆ, ಮಗಳು ಮೇಘಾ. ಇಷ್ಟು ದೊಡ್ಡ ಸೋಫಾ ಇದ್ದರೂ ಕೂತವರು ಯಾರೂ ಇಲ್ಲ. ಎಲ್ಲರೂ ನಾಗವೇಣಿಯ ಉಪ್ಪುನೀರಿನ ಅಕ್ವೇರಿಯಮ್ ಮುಂದೆ ನಿಂತಿದ್ದರು, ಮಂಗಳಾರತಿಗೆ ನಿಂತ ಹಾಗೆ.

ನಾನೂ ನಿಂತಿದ್ದೆ. ಹೊಟ್ಟೆ ಉರಿಯುತ್ತಿತ್ತು.

(ನಿಮಗೇ ಗೊತ್ತಲ್ಲ, ಯಾರ ಕಾರಿನ ಮೇಲೂ, ಒಡವೆಯ ಮೇಲೂ ನನಗೆ ಕಣ್ಣಿಲ್ಲ. ಆದರೆ ಮೀನು? ಅದು ಬೇರೆ ವಿಷಯ.)

ಸೆಂಟರ್‌ವಿಲ್‌ನ ನಮ್ಮ ಮನೆಯಲ್ಲೂ ಒಂದು ಟ್ಯಾಂಕ್ ಇದೆ. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಜೋಡಿ ಮೀನು, ನಾಲ್ಕು ಕಂದು ಕಲ್ಲು. ಬಂದವರು ಕೋಟು ಬಿಚ್ಚುತ್ತಾರೆ, ಬಾತ್‌ರೂಮ್ ಎಲ್ಲಿ ಎನ್ನುತ್ತಾರೆ, ಊಟದ ಟೇಬಲ್ಲಿಗೆ ಹೋಗುತ್ತಾರೆ. ನನ್ನ ಮೀನಿನ ಹೆಸರನ್ನು ಇವತ್ತಿನವರೆಗೂ ಒಬ್ಬರಾದರೂ ಕೇಳಿದ್ದುಂಟೆ?

"ಎಲ್ಲಾ ನೀವೊಬ್ರೇ ಮಾಡಿದ್ದಾ? ಅದ್ಭುತ ಕಣ್ರೀ!" ಎಂದರು ನಮ್ಮ ಯಜಮಾನರು ನಾಗವೇಣಿಗೆ. ಅದ್ಭುತ! ನನ್ನ ಅಡುಗೆಗೆ ಅವರ ಬಾಯಲ್ಲಿ ಬರುವುದು "ಪರವಾಗಿಲ್ಲ."

ಬಾಲ್ಟಿಮೋರಿನ ದೊಡ್ಡ ಅಕ್ವೇರಿಯಮ್ ನೋಡಿದಾಗ ನನಗೇನೂ ಆಗಿರಲಿಲ್ಲ. ಅದಕ್ಕಿಂತ ಎಷ್ಟೋ ಚಿಕ್ಕದು ಇದು. ಗೊತ್ತಿರುವವರ ಮನೆಯಲ್ಲಿದ್ದರೇ ಉರಿಯುವುದು, ಅದು ಯಾಕೆ?

ಹೊರಡುವಾಗ ನಾನು ಚಿತ್ರಾನ್ನ ಒಯ್ದಿದ್ದ ಡಬ್ಬಿ ವಾಪಸ್ ಬಂತು. ಡಬ್ಬಿಯನ್ನು ಖಾಲಿ ಕಳಿಸಬಾರದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು ಎಂದು ಕೇಳಿಕೊಂಡೇ ಬೆಳೆದವರಲ್ಲವೇ ನಾವು? ನಾಗವೇಣಿ ಅದರಲ್ಲಿ ಉಪ್ಪುನೀರು ತುಂಬಿ, ತನ್ನ ಟ್ಯಾಂಕಿನದೇ ಒಂದು ಕಲ್ಲು ಇಟ್ಟಿದ್ದಳು.

"ತಗೊಳ್ಳಿ ಲಲಿತಾ, ನಿಮ್ಮ ಮೀನು ಬಚ್ಚಿಟ್ಕೊಳೋಕೆ ಜಾಗ ಆಗತ್ತೆ."

ಮನೆಗೆ ಬರುವ ಬೆಲ್ಟ್‌ವೇ ಹೆದ್ದಾರಿಯ ಉದ್ದಕ್ಕೂ ಡಬ್ಬಿ ನನ್ನ ಮಡಿಲಲ್ಲಿತ್ತು. ಕಲ್ಲಿನ ಮೇಲೊಂದು ಪುಟ್ಟ ಹೂವು! ಗಾಜಿನಂಥ ಎಸಳು, ನೀರು ತುಳುಕಿದಾಗೆಲ್ಲ ತೂಗುತ್ತಿತ್ತು.

ಕೆಲವು ವಾರಗಳಲ್ಲಿ ನನ್ನ ಟ್ಯಾಂಕಿನ ತುಂಬ ಅದೇ ಹೂವು. ನಾಗವೇಣಿಯ ಟ್ಯಾಂಕಿನಲ್ಲಿ ಅಂಥದ್ದು ಒಂದೂ ಕಂಡಿರಲಿಲ್ಲ. ನನ್ನ ಕೈಗುಣ ನೋಡಿ! ಕೂಡಲೇ ಫೋನ್ ಮಾಡಿದೆ, "ಈ ಸಲ ಯುಗಾದಿ ಊಟಕ್ಕೆ ಎಲ್ರೂ ನಮ್ಮನೆಗೇ ಬರಬೇಕು." ನೆಪ ಮಾತ್ರ ಒಬ್ಬಟ್ಟಿನದು.

ಆಮೇಲೆ ಮೀನುಗಳು ಮೇಲಿನ ಮೂಲೆ ಬಿಟ್ಟು ಕದಲದಾದವು. "ಅಮ್ಮಾ, ದೇ ಲುಕ್ ಸ್ಕೇರ್ಡ್" ಎಂದಳು ಮೇಘಾ. ಮೀನಿನ ಅಂಗಡಿಗೆ ಓಡಿದೆ. ನನ್ನ ಹೂವಿನ ವರ್ಣನೆ ಮುಗಿಯುವ ಮೊದಲೇ ಅಂಗಡಿಯವನು ತಲೆ ಅಲ್ಲಾಡಿಸಿದ. ಅದು ಹೂವಲ್ಲವಂತೆ, ಪ್ರಾಣಿಯಂತೆ. ಗ್ಲಾಸ್ ಅನಿಮೊನಿ ಅಂತ ಹೆಸರಂತೆ. ಹತ್ತಿರ ಬಂದದ್ದನ್ನೆಲ್ಲ ಕುಟುಕುತ್ತದಂತೆ. ಒಟ್ಟಿನಲ್ಲಿ, ಕಳೆ.

ಕಳೆಯಾದರೆ ಕೀಳಬೇಕು ತಾನೆ? ಮುಂದಿನ ಮಾತು ಕೇಳಿಸಿಕೊಳ್ಳದೆ ಮನೆಗೆ ಬಂದವಳೇ ಉಗುರಿನಲ್ಲಿ ಚಿವುಟಿ ಚಿವುಟಿ ಕಿತ್ತೆ. ಹರಿದ ಒಂದೊಂದು ಚೂರೂ ಒಂದೊಂದು ಹೊಸ ಹೂವಾಯಿತು.

"ನಾಗವೇಣಿ ಬೇಕಂತ್ಲೇ ಕೊಟ್ಟಿದಾಳೆ" ಎಂದೆ.

"ಛೇ, ಅವರು ಹಾಗಲ್ಲ" ಎಂದರು ಯಜಮಾನರು. ಎಷ್ಟು ಬೇಗ ಬಂತು ನೋಡಿ ಆ ಉತ್ತರ!

ಯುಗಾದಿ ಹತ್ತಿರ ಬರುತ್ತಿತ್ತು. ಮತ್ತೆ ಅಂಗಡಿಗೆ ಹೋದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಲ್ಲಿ ತುಂಬಿ, ಅದರ ಬಾಯಿಗೇ ಹಾಕು ಎಂದ. ಒಂದೇ ದಿನ ಎಲ್ಲಕ್ಕೂ ಹಾಕಿದರೆ ಮೀನೂ ಹೋಗುತ್ತವೆ, ದಿನಕ್ಕೆ ಸ್ವಲ್ಪ ಸ್ವಲ್ಪ. ಕಾರಿನಲ್ಲಿ ಕೂತ ಮೇಲೆ ಹೊಳೆಯಿತು. ಅಯ್ಯೋ, ಅದು ಸುಣ್ಣವಲ್ಲವೇ! ಎಲೆಯಡಿಕೆಗೆಂದು ನಮ್ಮತ್ತೆ ಮೈಸೂರಿನಿಂದ ಹೊತ್ತು ತಂದ ಡಬ್ಬದ ತುಂಬ ಇರುವುದು ಅದೇ.

ಪಂಪ್ ನಿಲ್ಲಿಸಿದೆ. ಮೇಘಾಳ ಕೆಮ್ಮಿನ ಔಷಧಿಯ ಸಿರಿಂಜಿನಲ್ಲಿ ಸುಣ್ಣ ತುಂಬಿದೆ. ನೆರಳು ಬಿದ್ದರೂ ಸಾಕು, ಆ ಹೂವುಗಳು ಮುದುಡಿಕೊಂಡು ಕಲ್ಲಿನ ಸಂದಿಗೆ ಸೇರುತ್ತವೆ. ಉಸಿರು ಬಿಗಿಹಿಡಿದು ಪಕ್ಕದಿಂದ ಕೈ ಚಾಚಬೇಕು.

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಎಲೆ ಇಲ್ಲ, ಅಡಿಕೆ ಇಲ್ಲ, ಬರೀ ಸುಣ್ಣ ತಿನ್ನಿಸ್ತೀಯಲ್ಲೇ! ಬಾಯಿ ಸುಟ್ಟುಹೋಗತ್ತೆ ಪಾಪ."

"ಅದಕ್ಕೇ ತಿನ್ನಿಸ್ತಿರೋದು ಅತ್ತೆ."

"ಹಾಗಾದ್ರೆ ಆ ಮೂಲೇಲಿ ಇನ್ನೊಂದು ಇಣುಕ್ತಿದೆ ನೋಡು."

ಯುಗಾದಿಯ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಹೂವೂ ಇಲ್ಲ, ಅದೇ ಕಂದು ಕಲ್ಲು. ಬಂದವರು ಕೋಟು ಬಿಚ್ಚಿದರು, ಬಾತ್‌ರೂಮ್ ಕೇಳಿದರು, ಒಬ್ಬಟ್ಟಿನ ಕಡೆ ಹೋದರು. ನಾಗವೇಣಿ ಒಬ್ಬಳು ಮಾತ್ರ ನನ್ನ ಟ್ಯಾಂಕಿನ ಮುಂದೆ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ.

"ಲಲಿತಾ, ಒಂದೂ ಇಲ್ವಲ್ರೀ! ಹೇಗೆ ಹೋಗ್ಸಿದ್ರಿ?" ಎಂದಳು. ಆಮೇಲೆ ದನಿ ತಗ್ಗಿಸಿದಳು. "ನಮ್ಮನೇಲಿ ಹಿಂದುಗಡೆ ತುಂಬ್ಕೊಂಡು ಬಿಟ್ಟಿದೆ. ಬಂದೋರಿಗೆ ಕಾಣಬಾರ್ದು ಅಂತ ಕಲ್ಲೆಲ್ಲಾ ತಿರುಗಿಸಿ ಇಟ್ಟಿದೀನಿ. ನಿಮ್ಗೆ ಕೊಟ್ಟಿದ್ರಲ್ಲೂ ಇತ್ತೇನೋ, ನಾನು ನೋಡ್ಲೇ ಇಲ್ಲ."

ಆ ಅದ್ಭುತ ಟ್ಯಾಂಕಿಗೂ ಒಂದು ಬೆನ್ನಿತ್ತು! ನನ್ನ ಜೀವಕ್ಕೆ ಎಷ್ಟು ತಂಪಾಯಿತೆಂದರೆ, ಅತ್ತೆಯನ್ನು ಕೇಳಿ, ಅದೇ ಚಿತ್ರಾನ್ನದ ಡಬ್ಬಿಯ ತುಂಬ ಸುಣ್ಣ ಹಾಕಿ ಕೊಟ್ಟೆ. ಬಳಸುವುದು ಹೇಗೆ ಎಂದು ಎಲ್ಲರ ಮುಂದೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿಕೊಟ್ಟೆ.

ಮೊನ್ನೆ ಡಬ್ಬಿ ವಾಪಸ್ ಬಂತು. ನಾಗವೇಣಿ ಅದನ್ನು ತೊಳೆದು, ಒರೆಸಿ, ಮೈಸೂರು ಪಾಕ್ ತುಂಬಿ ಕಳಿಸಿದ್ದಳು. ನಮ್ಮ ಯಜಮಾನರು ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಅದ್ಭುತ" ಎಂದರು.